ಆಸ್ಟ್ರಿಯನ್ ಅರ್ಥಶಾಸ್ತ್ರ ಓದೋಕೆ ಒಂಬೈನೂರು ಪುಟ ಯಾಕ್ರೀ?

"ಆಸ್ಟ್ರಿಯನ್ ಎಕನಾಮಿಕ್ಸ್ ಬಗ್ಗೆ ಓದಬೇಕು ಅಂತಿದೀನಿ, ಎಲ್ಲಿಂದ ಶುರು ಮಾಡ್ಲಿ?" ಅಂತ ಯಾರಾದರೂ ಕೇಳಿದರೆ ಸಾಕು, ನಮ್ಮ ಜನ ಮುಗಿಬಿದ್ದು ಸಲಹೆ ಕೊಡ್ತಾರೆ. ಒಬ್ಬರು ಮೀಸಸ್ ಬರೆದ ‘ಹ್ಯೂಮನ್ ಆಕ್ಷನ್’ (1949) ಅಂತಾರೆ, ಸುಮಾರು ಒಂಬೈನೂರು ಪುಟ. ಇನ್ನೊಬ್ಬರು ಅದಕ್ಕೂ ಮಿಗಿಲಾಗಿ ರಾತ್‌ಬಾರ್ಡ್ ಬರೆದ ‘ಮ್ಯಾನ್, ಎಕಾನಮಿ ಅಂಡ್ ಸ್ಟೇಟ್’ (1962) ತಂದಿಡ್ತಾರೆ. ಸ್ವಲ್ಪ ಕರುಣೆ ಇರೋರು ಹೆನ್ರಿ ಹ್ಯಾಜ್ಲಿಟ್‌ನ ‘ಎಕನಾಮಿಕ್ಸ್ ಇನ್ ಒನ್ ಲೆಸನ್’ (1946) ಸಾಕು ಅಂತಾರೆ. ಈಚೆಗೆ ಶೇರು, ಬಿಟ್‌ಕಾಯಿನ್ ಹುಚ್ಚು ಹಿಡಿದವರು ‘ದಿ ಬಿಟ್‌ಕಾಯಿನ್ ಸ್ಟ್ಯಾಂಡರ್ಡ್’ (2018) ಓದು ಅಂತ ಕಳಿಸ್ತಾರೆ. ಕೊನೆಗೆ ಒಬ್ಬ ಗೆಳೆಯ ಇದ್ದೇ ಇರ್ತಾನೆ: "ಅದೆಲ್ಲ ಸಾಹುಕಾರರ ಪುರಾಣ ಮಾರಾಯ, ಓದಲೇಬೇಡ."

ನನ್ನ ಪ್ರಕಾರ ಈ ಎಲ್ಲ ಸಲಹೆಗಳೂ ತಪ್ಪು. ಪುಸ್ತಕಗಳು ಕೆಟ್ಟವು ಅಂತ ನಾನು ಹೇಳ್ತಿಲ್ಲ. ಮೊದಲ ಪುಸ್ತಕ ಅಂತ ಕೊಡೋದು ತಪ್ಪು. ಯಾಕೆ ಅಂತ ಹೇಳೋದಕ್ಕೆ ಈ ಪೋಸ್ಟು. ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ.

ಹೊಸಬರಿಗೆ ಎರಡೇ ಮಾತು. ಇದು ಆಸ್ಟ್ರೇಲಿಯಾ ಅಲ್ಲ, ಆಸ್ಟ್ರಿಯಾ :-). ವಿಯೆನ್ನಾದ ಕಾರ್ಲ್ ಮೆಂಗರ್ 1871ರಲ್ಲಿ ಬರೆದ ಪುಸ್ತಕದಿಂದ ಶುರುವಾದ ಪಂಥ. ‘ಆಸ್ಟ್ರಿಯನ್’ ಅನ್ನೋದು ಜರ್ಮನಿಯ ಎದುರಾಳಿಗಳು ಹಂಗಿಸೋದಕ್ಕೆ ಇಟ್ಟ ಹೆಸರು, ಅದೇ ಉಳ್ಕೊಂಡಿತು. ಮುಂದೆ ಬಂದವರಲ್ಲಿ ಮೀಸಸ್, ಹಾಯೆಕ್ ದೊಡ್ಡವರು. ಹಾಯೆಕ್‌ಗೆ 1974ರಲ್ಲಿ ಮಿರ್ಡಾಲ್ ಜೊತೆ ನೊಬೆಲ್ ಬಂತು. ಇವರ ಮುಖ್ಯ ಆಸಕ್ತಿ ಬೆಲೆ. ಬೆಲೆ ಅನ್ನೋದು ಎಲ್ಲಿಂದ ಹುಟ್ಟುತ್ತೆ, ಅದು ಯಾವ ಸುದ್ದಿ ಹೊತ್ಕೊಂಡು ಬರುತ್ತೆ, ಅದನ್ನು ತಿರುಚಿದರೆ ಏನಾಗುತ್ತೆ.

ಬೆಲೆಯ ಬಗ್ಗೆ ಪುಸ್ತಕ ಆರಿಸಬೇಕಾದರೆ ನನ್ನ ಪರೀಕ್ಷೆ ಸರಳ. ಪುಸ್ತಕ ಓದಿ ಮುಗಿಸಿ ನಿಮ್ಮೂರ ಸಂತೆಗೆ ಹೋಗಿ ನಿಂತಾಗ, ಮೊದಲು ಕಾಣದೇ ಇದ್ದದ್ದು ಒಂದಾದರೂ ಕಾಣಬೇಕು. ಕಂಡರೆ ಆ ಪುಸ್ತಕ ಸರಿ. ಮೊದಲು ಗೊತ್ತಿದ್ದದ್ದನ್ನೇ ಗಟ್ಟಿಯಾಗಿ ಕೂಗೋ ಧೈರ್ಯ ಮಾತ್ರ ಬಂದರೆ ಅದು ಅರ್ಥಶಾಸ್ತ್ರ ಅಲ್ಲ, ಭಜನೆ.

ನಾನು ಈ ಪರೀಕ್ಷೆ ಮಾಡೋದು ಹೆಸರಲ್ಲೇ ಸಂತೆ ಇರುವ ಊರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯಲ್ಲಿ. ಮೈಸೂರಿನಿಂದ ಮಾನಂದವಾಡಿಗೆ ಹೋಗೋ ದಾರಿ. ಒಂದು ಕಡೆ ನಾಗರಹೊಳೆ ಕಾಡು, ಇನ್ನೊಂದು ಕಡೆ ಕಬಿನಿ. ಸುತ್ತಮುತ್ತ ಹತ್ತಿ, ರಾಗಿ, ಹೊಗೆಸೊಪ್ಪು, ಶುಂಠಿ. ಇದರಲ್ಲಿ ಹೊಗೆಸೊಪ್ಪು ಮತ್ತು ಶುಂಠಿ ಎರಡನ್ನು ಇಟ್ಕೊಂಡರೆ ಸಾಕು, ಆಸ್ಟ್ರಿಯನ್ ಅರ್ಥಶಾಸ್ತ್ರದ ಅರ್ಧ ಪಾಠ ಮುಗಿದಂಗೆ.

ದಪ್ಪ ಪುಸ್ತಕದ ತೊಂದರೆ

‘ಹ್ಯೂಮನ್ ಆಕ್ಷನ್’ ದೊಡ್ಡ ಕೃತಿ, ಅನುಮಾನವೇ ಇಲ್ಲ. ಆದರೆ ಮೊದಲ ಬಹಳಷ್ಟು ಪುಟ ಬೆಲೆ, ಹಣ, ಮಾರುಕಟ್ಟೆ ಯಾವುದೂ ಬರಲ್ಲ. ಮನುಷ್ಯ ಅಂದರೆ ಉದ್ದೇಶ ಇಟ್ಕೊಂಡು ಕೆಲಸ ಮಾಡೋನು, ಅಷ್ಟರಿಂದಲೇ ಅರ್ಥಶಾಸ್ತ್ರದ ನಿಯಮಗಳನ್ನೆಲ್ಲ ತರ್ಕದಿಂದ ಹೊರಡಿಸಬಹುದು, ಅಂಕಿಅಂಶ ತೋರಿಸಿ ಅದನ್ನು ಸುಳ್ಳು ಮಾಡಕ್ಕಾಗಲ್ಲ ಅನ್ನೋ ವಾದ ನಡೀತಾ ಹೋಗುತ್ತೆ. ಇದನ್ನು ಹೊಸಬನ ಕೈಗೆ ಕೊಟ್ಟರೆ ಎರಡರಲ್ಲಿ ಒಂದಾಗುತ್ತೆ. ಒಂದೋ ಅರವತ್ತನೇ ಪುಟಕ್ಕೆ ಪುಸ್ತಕ ಕಪಾಟು ಸೇರುತ್ತೆ. ಇಲ್ಲಾ, ಅವನು ಪೂರ್ತಿ ನಂಬಿ "ನನ್ನ ಮಾತಿಗೆ ಪುರಾವೆ ಬೇಕಿಲ್ಲ" ಅನ್ನೋ ಗತ್ತು ಕಲೀತಾನೆ. ಎರಡನೆಯದು ಹೆಚ್ಚು ಅಪಾಯ. ಕೋಡ್ ಬರೆದು ಒಮ್ಮೆಯೂ ರನ್ ಮಾಡದೆ "ಲಾಜಿಕ್ ಸರಿ ಇದೆ, ಹಂಗೇ ಹಾಕ್ಬಿಡಿ" ಅನ್ನೋ ಸಹೋದ್ಯೋಗಿ ನಿಮಗೂ ಸಿಕ್ಕಿರ್ತಾನೆ. ಅಂಥವನು ಅರ್ಥಶಾಸ್ತ್ರ ಮಾತಾಡಿದರೆ ಹೇಗಿರುತ್ತೆ ಯೋಚಿಸಿ.

ರಾತ್‌ಬಾರ್ಡ್‌ನ ಪುಸ್ತಕ ಓದೋಕೆ ಸಲೀಸು. ಆದರೆ ಉದ್ದ ಅಷ್ಟೇ, ಖಚಿತತೆ ಇನ್ನೂ ಜಾಸ್ತಿ.

ಹ್ಯಾಜ್ಲಿಟ್ ಯಾಕೆ ಬೇಡ

ಇದಕ್ಕೆ ನನ್ನ ಮೇಲೆ ಕಲ್ಲು ಬೀಳುತ್ತೆ ಅಂತ ಗೊತ್ತು. ಹ್ಯಾಜ್ಲಿಟ್ ಪತ್ರಕರ್ತ, ಭಾಷೆ ನೀರು ಕುಡಿದಷ್ಟು ಸುಲಭ. ಫ್ರಾನ್ಸಿನ ಬಾಸ್ತಿಯಾ 1850ರಲ್ಲಿ ಹೇಳಿದ್ದ ಒಡೆದ ಕಿಟಕಿಯ ಕತೆಯಿಂದ ಶುರು ಮಾಡ್ತಾನೆ. ಒಂದು ನೀತಿಯ ತಕ್ಷಣದ ಫಲ ಮಾತ್ರ ನೋಡಬೇಡಿ, ದೂರದ ಫಲವನ್ನೂ ನೋಡಿ. ಒಂದು ಗುಂಪಿಗೆ ಆಗೋದು ಮಾತ್ರ ಅಲ್ಲ, ಎಲ್ಲರಿಗೂ ಆಗೋದನ್ನು ನೋಡಿ. ಇದು ಅವನ ಒಂದು ಪಾಠ. ಒಳ್ಳೆ ಪಾಠವೇ.

ತೊಂದರೆ ಏನಂದ್ರೆ ಆ ಒಂದೇ ಪಾಠ ಇಟ್ಕೊಂಡು ಸುಂಕ, ಬಾಡಿಗೆ, ಕೂಲಿ, ಬೆಂಬಲ ಬೆಲೆ ಎಲ್ಲಕ್ಕೂ ಅಧ್ಯಾಯಕ್ಕೊಂದರಂತೆ ತೀರ್ಪು ಕೊಡ್ತಾ ಹೋಗ್ತಾನೆ. ಓದುಗನಿಗೆ ಪ್ರಶ್ನೆ ಹುಟ್ಟೋದಕ್ಕೆ ಮುಂಚೆಯೇ ಉತ್ತರ ರೆಡಿ. ಪುಸ್ತಕ ಮುಗಿಸಿದ ಹುಡುಗ ಯಾವ ಸಮಸ್ಯೆ ಬಂದರೂ "ಸರ್ಕಾರ ಕೈ ಹಾಕಿದ್ದಕ್ಕೇ ಹಿಂಗಾಯ್ತು" ಅಂತಾನೆ. ಅರ್ಧ ಸಲ ಅದು ನಿಜವೂ ಆಗಿರುತ್ತೆ, ಅದೇ ಅವನನ್ನು ಇನ್ನಷ್ಟು ಕೆಡಿಸುತ್ತೆ. ಇನ್ನೊಂದು ಮಾತು, ಆಸ್ಟ್ರಿಯನ್ ಪಂಥದ ನಿಜವಾದ ವಿಶೇಷ, ಅಂದರೆ ಜ್ಞಾನ ಎಲ್ಲರಲ್ಲೂ ಚದುರಿ ಹೋಗಿದೆ ಅನ್ನೋ ಮಾತು, ಹ್ಯಾಜ್ಲಿಟ್ ಒಬ್ಬನನ್ನೇ ಓದಿದವನ ಮನಸ್ಸಿಗೆ ನಾಟೋದೇ ಇಲ್ಲ.

ಹನ್ನೆರಡು ಪುಟ ಸಾಕು

ನನ್ನ ಆಯ್ಕೆ ಹಾಯೆಕ್ 1945ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಗೆ ಬರೆದ ‘ದಿ ಯೂಸ್ ಆಫ್ ನಾಲೆಜ್ ಇನ್ ಸೊಸೈಟಿ’ ಅನ್ನೋ ಲೇಖನ. ಹನ್ನೆರಡು ಪುಟ. ಲೆಕ್ಕ ಇಲ್ಲ, ಗ್ರಾಫ್ ಇಲ್ಲ. ಇಂಗ್ಲಿಷ್ ಸ್ವಲ್ಪ ಉದ್ದುದ್ದ ವಾಕ್ಯದ್ದು, ಎರಡು ಸಲ ಓದಬೇಕು. ಎರಡು ಸಲ ಓದಿದರೂ ಒಂದು ಭಾನುವಾರ ಬೆಳಿಗ್ಗೆ ಮುಗಿಯುತ್ತೆ.

ಅವನು ಹೇಳೋದು ಇಷ್ಟು. ಒಂದು ದೇಶದ ಆರ್ಥಿಕತೆ ನಡೆಯೋಕೆ ಬೇಕಾದ ತಿಳಿವಳಿಕೆ ಯಾವ ಒಬ್ಬನ ತಲೆಯಲ್ಲೂ, ಯಾವ ಕಚೇರಿಯ ಕಡತದಲ್ಲೂ ಒಟ್ಟಾಗಿ ಇರಲ್ಲ. ಅದು ಚೂರುಚೂರಾಗಿ ಆಯಾ ಜಾಗದ, ಆಯಾ ಹೊತ್ತಿನ ಜನರ ಹತ್ತಿರ ಇರುತ್ತೆ. ಬೆಲೆ ಅನ್ನೋದು ಆ ಚೂರುಗಳನ್ನು ಒಬ್ಬರಿಂದ ಒಬ್ಬರಿಗೆ ದಾಟಿಸೋ ವ್ಯವಸ್ಥೆ. ಅವನು ಕೊಡೋ ಉದಾಹರಣೆ ತವರದ್ದು. ತವರ ಯಾಕೆ ದುಬಾರಿ ಆಯ್ತು ಅಂತ ಬಳಸೋರಿಗೆ ಗೊತ್ತಾಗಬೇಕಿಲ್ಲ, ದುಬಾರಿ ಆಗಿದೆ ಅಂತ ಗೊತ್ತಾದರೆ ಸಾಕು, ತಾವಾಗೇ ಮಿತವಾಗಿ ಬಳಸ್ತಾರೆ.

ಈಗ ತವರ ಬಿಡಿ, ಹೊಗೆಸೊಪ್ಪು ತಗೊಳ್ಳಿ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆ ಬೆಳೆಯೋ ವರ್ಜೀನಿಯಾ ಹೊಗೆಸೊಪ್ಪಿಗೆ ಒಂದು ಮಂಡಳಿ ಇದೆ. 1975ರ ಕಾಯ್ದೆ, 1976ರಿಂದ ಕೆಲಸ, ಕೇಂದ್ರ ಕಚೇರಿ ಗುಂಟೂರಿನಲ್ಲಿ. ಬೆಳೆಯೋಕೆ ಮಂಡಳಿಯ ನೋಂದಣಿ ಬೇಕು, ಬ್ಯಾರನ್‌ಗೆ ಲೈಸೆನ್ಸ್ ಬೇಕು. ಈ ವರ್ಷ ಕರ್ನಾಟಕದಲ್ಲಿ ಒಟ್ಟು ಇಷ್ಟು ಕೋಟಿ ಕಿಲೋ ಬೆಳೀಬೇಕು ಅಂತ ಮಂಡಳಿ ಮೊದಲೇ ನಿಗದಿ ಮಾಡುತ್ತೆ. ಅದರಿಂದ ಒಂದೊಂದು ಬ್ಯಾರನ್‌ಗೆ ಇಷ್ಟಿಷ್ಟು ಅಂತ ಪಾಲು.

ಆ ಸಂಖ್ಯೆ ಬರೆಯೋ ಹೊತ್ತಿಗೆ ಏನೇನು ಗೊತ್ತಿರಬೇಕು ನೋಡಿ. ಸಸಿ ನಾಟಿ ಮಾಡೋ ಹೊತ್ತಿಗೆ ಮಳೆ ಹೇಗೆ ಬರುತ್ತೆ, ಬ್ರೆಜಿಲ್‌ನಲ್ಲಿ ಬೆಳೆ ಎಷ್ಟಾಗುತ್ತೆ, ಜಿಂಬಾಬ್ವೆಯಲ್ಲಿ ಎಷ್ಟು, ಮುಂದಿನ ಬಜೆಟ್‌ನಲ್ಲಿ ಸಿಗರೇಟಿಗೆ ಎಷ್ಟು ತೆರಿಗೆ, ಹೊರದೇಶದವರು ಯಾವ ದರ್ಜೆಯ ಎಲೆ ಕೇಳ್ತಾರೆ, ಸೌದೆ ಸಿಗುತ್ತಾ, ಕೂಲಿಯಾಳು ಸಿಗ್ತಾರಾ. ಇದೆಲ್ಲ ಗುಂಟೂರಿನಲ್ಲಿ ಕೂತವರಿಗೆ ಗೊತ್ತಿರೋಕೆ ಸಾಧ್ಯ ಇಲ್ಲ. ಅವರು ದಡ್ಡರು ಅಂತಲ್ಲ, ಯಾರಿಗೂ ಸಾಧ್ಯ ಇಲ್ಲ. ಹಾಗಾಗಿ ಮಳೆ ಕೈಕೊಟ್ಟ ವರ್ಷ ನಿಗದಿ ಮಾಡಿದಷ್ಟು ಬೆಳೆ ಬರಲ್ಲ. ಮಳೆ ಚೆನ್ನಾಗಿ ಆದ ವರ್ಷ ಹೆಚ್ಚಾಗುತ್ತೆ. ಹೆಚ್ಚಾದದ್ದಕ್ಕೆ ದಂಡ. ಆಮೇಲೆ ದಂಡ ಮನ್ನಾ ಮಾಡಿ ಅಂತ ರೈತರು, ಸಂಸದರು ಎಲ್ಲ ಸೇರಿ ದೆಹಲಿಗೆ ಮನವಿ. ಪ್ರಕೃತಿ ಕೊಟ್ಟ ಬೆಳೆಗೆ ದಂಡ ಕಟ್ಟಿ, ಆ ದಂಡಕ್ಕೆ ಕ್ಷಮೆ ಕೇಳೋ ಈ ನಾಟಕ ನೋಡಿದವನಿಗೆ ಹಾಯೆಕ್‌ನನ್ನು ಅರ್ಥ ಮಾಡಿಸೋಕೆ ಒಂದು ನಿಮಿಷ ಸಾಕು.

ಆದರೆ ಇಲ್ಲೇ ನಿಲ್ಲಬೇಡಿ

ಹ್ಯಾಜ್ಲಿಟ್ ಓದಿ ಬಂದ ಹುಡುಗ ಇಷ್ಟು ಕೇಳಿದ ತಕ್ಷಣ ಮಂಡಳಿ ಮುಚ್ಚಿ ಅಂತಾನೆ. ನಮ್ಮ ಕಡೆ ಹೋಗಿ ಆ ಮಾತು ಆಡಲಿ ನೋಡೋಣ!

ಮಂಡಳಿ ಇನ್ನೊಂದು ಕೆಲಸ ಮಾಡುತ್ತೆ: ಹರಾಜು. ಕರ್ನಾಟಕದಲ್ಲಿ ಅದು ಶುರುವಾದದ್ದು 1984ರಲ್ಲಿ. ಅದಕ್ಕೆ ಮುಂಚೆ ರೈತ ನೇರವಾಗಿ ವ್ಯಾಪಾರಿಗೋ ಕಂಪನಿಗೋ ಮಾರಬೇಕಿತ್ತು. ದರ್ಜೆ ಹೇಳೋನು ಕೊಳ್ಳೋನೇ, ತೂಕ ಹಾಕೋನು ಅವನೇ, ದುಡ್ಡು ಯಾವಾಗ ಕೊಡಬೇಕು ಅಂತ ತೀರ್ಮಾನಿಸೋನೂ ಅವನೇ. ಹರಾಜು ಬಂದ ಮೇಲೆ ಬೇಲು ಎಲ್ಲರ ಕಣ್ಣೆದುರು ಬಂತು, ದರ್ಜೆ ಹೇಳೋಕೆ ಮೂರನೆಯವರು ಬಂದರು, ಕೂಗಿದ ಬೆಲೆ ಪಕ್ಕದವನಿಗೂ ಕೇಳಿಸ್ತು.

ಈಗ ಹಾಯೆಕ್‌ನನ್ನು ಮತ್ತೆ ತೆಗೆಯಿರಿ. ಬೆಲೆ ಅನ್ನೋದು ಸುದ್ದಿ ದಾಟಿಸೋ ವ್ಯವಸ್ಥೆ ಆದರೆ, ಆ ಸುದ್ದಿ ಕೇಳಿಸೋ ಜಾಗ ಒಂದು ಬೇಕಲ್ಲ? ಹರಾಜುಕಟ್ಟೆ ಆ ಜಾಗ. ಅಂದರೆ ಒಂದೇ ಮಂಡಳಿ ಎರಡು ಕೆಲಸ ಮಾಡ್ತಿದೆ. ಒಂದು, ಯಾರಿಗೂ ಗೊತ್ತಾಗದ್ದನ್ನು ಗೊತ್ತು ಅಂತ ಅಂದ್ಕೊಂಡು ಸಂಖ್ಯೆ ಬರೆಯೋದು. ಎರಡು, ಗೊತ್ತಿರೋದು ಎಲ್ಲರಿಗೂ ಕೇಳಿಸೋ ಹಾಗೆ ಮಾಡೋದು. ಮೊದಲನೆಯದು ಹಾಯೆಕ್‌ನ ವಿರುದ್ಧ, ಎರಡನೆಯದು ಅವನ ಪರ. ಸರ್ಕಾರ ಬೇಕು, ಸರ್ಕಾರ ಬೇಡ ಅಂತ ಎರಡೇ ಬಣ ಮಾಡ್ಕೊಂಡು ಕೂಗಾಡೋರಿಗೆ ಈ ವ್ಯತ್ಯಾಸ ಕಾಣೋದೇ ಇಲ್ಲ. ಹಾಯೆಕ್ ಸ್ವತಃ ‘ದಿ ರೋಡ್ ಟು ಸರ್ಫ್‌ಡಂ’ನಲ್ಲಿ (1944) ಪೈಪೋಟಿ ಸರಿಯಾಗಿ ನಡೆಯೋಕೆ ಒಳ್ಳೆಯ ಕಾನೂನಿನ ಚೌಕಟ್ಟು ಬೇಕು ಅಂತ ಒಪ್ಕೊಂಡಿದ್ದಾನೆ. ಅವನ ಹೆಸರು ಹೇಳೋ ಎಷ್ಟೋ ಜನಕ್ಕೆ ಇದು ಬೇಡದ ಪುಟ.

ಹರಾಜು ಇದ್ದರೂ ಎಲ್ಲ ಸರಿ ಇಲ್ಲ, ಅದನ್ನೂ ಹೇಳಬೇಕು. ಕೂಗೋ ಕಂಪನಿಗಳು ಕೆಲವೇ. 2015ರಲ್ಲಿ ಬೆಲೆ ಬಿದ್ದಾಗ ಈ ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಬೆಳೆಗಾರರ ಆತ್ಮಹತ್ಯೆಗಳಾದವು. ಸತ್ತವನ ಮನೆ ಮುಂದೆ ನಿಂತು "ಬೆಲೆ ಅನ್ನೋದು ಸುದ್ದಿ" ಅಂತ ಹೇಳೋ ಎದೆ ಯಾರಿಗೂ ಇಲ್ಲ, ಇರಲೂ ಬಾರದು. ಕೊಳ್ಳೋರು ಕೆಲವರೇ ಇದ್ದಾಗ ಏನು ಮಾಡಬೇಕು ಅನ್ನೋದಕ್ಕೆ ಆ ಹನ್ನೆರಡು ಪುಟದಲ್ಲಿ ಉತ್ತರ ಇಲ್ಲ. ಆ ಪ್ರಶ್ನೆ ಕೇಳ್ಕೊಳ್ಳೋಕೆ ಮಾತ್ರ ಅದು ಅಡ್ಡ ಬರಲ್ಲ. ಹುಡುಕಿದರೆ ನಮ್ಮಲ್ಲೇ ಬೇರೆ ಥರದ ಉತ್ತರಗಳಿವೆ. ಅಡಿಕೆ ಬೆಳೆಗಾರರು ವ್ಯಾಪಾರಿಗಳ ಕೈಗೆ ಸಿಕ್ಕಿ ಒದ್ದಾಡಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು, ತಾವೇ ಇನ್ನೊಬ್ಬ ಕೊಳ್ಳುಗ ಆದರು. ಯಾರು ಎಷ್ಟು ಅಡಿಕೆ ಬೆಳೀಬೇಕು ಅಂತ ಸಂಖ್ಯೆ ಬರೆದುಕೊಡೋ ಕೆಲಸಕ್ಕೆ ಅವರು ಕೈ ಹಾಕಲಿಲ್ಲ.

ಶುಂಠಿ ಪಾಠ

"ಓದಲೇಬೇಡ" ಅಂದ ಗೆಳೆಯನಿಗೆ ಈಗ ಬರ್ತೀನಿ. ಅವನ ಮಾತು ಏನಂದ್ರೆ ರೈತನಿಗೆ ಖರ್ಚು ಎಷ್ಟಾಯ್ತೋ ಅದರ ಮೇಲೆ ಲಾಭ ಸೇರಿಸಿ ಬೆಲೆ ಕೊಡಬೇಕು, ಅಷ್ಟೇ ನ್ಯಾಯ, ಬಾಕಿದ್ದೆಲ್ಲ ಬೊಗಳೆ. ನ್ಯಾಯದ ಪ್ರಶ್ನೆ ಬೇರೆ, ಅದನ್ನು ಗೌರವಿಸ್ತೀನಿ. ಆದರೆ ಬೆಲೆ ಹುಟ್ಟೋದು ಖರ್ಚಿನಿಂದ ಅಲ್ಲ ಅನ್ನೋದು ಮೆಂಗರ್ 1871ರಲ್ಲೇ ಹೇಳಿದ ಮಾತು. ಕೊನೆಗೆ ಬಳಸೋನು ಎಷ್ಟು ಬಯಸ್ತಾನೆ ಅನ್ನೋದರಿಂದ ಸಾಮಾನಿಗೆ ಬೆಲೆ, ಆ ಬೆಲೆಯಿಂದ ಹಿಂದಕ್ಕೆ ಭೂಮಿಗೆ, ಆಳಿಗೆ, ಬೀಜಕ್ಕೆ ಬೆಲೆ.

ನಂಬಿಕೆ ಬರಲ್ವಾ? ಶುಂಠಿ ನೋಡಿ. ಅದಕ್ಕೆ ಹೊಗೆಸೊಪ್ಪಿನ ಥರ ಮಂಡಳಿ ಇಲ್ಲ, ಲೈಸೆನ್ಸ್ ಇಲ್ಲ, ಇಷ್ಟೇ ಬೆಳೀಬೇಕು ಅನ್ನೋ ಲೆಕ್ಕ ಇಲ್ಲ. 60 ಕಿಲೋ ಮೂಟೆಗೆ ಇವತ್ತು ಒಂದು ರೇಟು, ನಾಳೆ ಒಂದು. 2023ರಲ್ಲಿ ಬೆಲೆ ಆಕಾಶಕ್ಕೆ ಹೋಯ್ತು. ಹೊಲದಲ್ಲಿದ್ದ ಶುಂಠಿಯನ್ನೇ ರಾತ್ರಿ ಕಿತ್ಕೊಂಡು ಹೋಗೋರು ಹುಟ್ಕೊಂಡರು, ರೈತರು ಕಾವಲು ಕೂತರು. ಮುಂದಿನ ವರ್ಷಕ್ಕೆ ಎಲ್ಲರೂ ಹಾಕಿದರು, ಬೆಲೆ ಬಿತ್ತು. ಶುಂಠಿಗೆ ರೇಟು ಬಂದಾಗ ಅದರ ಹಿಂದೆಯೇ ಜಮೀನಿನ ಗುತ್ತಿಗೆ ಹಣ ಏರುತ್ತೆ. ಗುತ್ತಿಗೆ ಜಾಸ್ತಿ ಆದದ್ದಕ್ಕೆ ಶುಂಠಿ ದುಬಾರಿ ಆಗಲಿಲ್ಲ, ಶುಂಠಿ ದುಬಾರಿ ಆದದ್ದಕ್ಕೆ ಗುತ್ತಿಗೆ ಜಾಸ್ತಿ ಆಯ್ತು. ಮೆಂಗರ್‌ನ ದೊಡ್ಡ ಪುಸ್ತಕದ ತಿರುಳು ಇದೇ, ಹ್ಯಾಂಡ್‌ಪೋಸ್ಟ್‌ನಲ್ಲಿ ಟೀ ಕುಡೀತಾ ಕಲೀಬಹುದು.

ಇನ್ನೊಂದು ಸಂಗತಿ. ವಯನಾಡಿನ ಕಡೆಯಿಂದ ಬಂದ ಬೆಳೆಗಾರರು ಇಲ್ಲಿ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕ್ತಾರೆ. ಯಾರೂ ಅವರಿಗೆ ಹೇಳಿ ಕಳಿಸಲಿಲ್ಲ. ಇಲ್ಲಿನ ಮಣ್ಣು, ಇಲ್ಲಿನ ಗುತ್ತಿಗೆ ದರ, ತಮ್ಮ ಕಸುಬು ಮೂರನ್ನೂ ಜೋಡಿಸಿ ನೋಡೋ ಕಣ್ಣು ಅವರಿಗಿತ್ತು. ಉದ್ಯಮಿ ಅಂದರೆ ಎಲ್ಲರ ಎದುರಿಗೇ ಇದ್ದು ಯಾರಿಗೂ ಕಾಣದ್ದನ್ನು ಕಾಣೋನು ಅಂತ ಇದೇ ಪಂಥದ ಕಿರ್ಜ್ನರ್ 1973ರಲ್ಲಿ ಒಂದು ಪುಸ್ತಕವನ್ನೇ ಬರೆದ. ಸರಿ. ಆದರೆ ಆ ಮಣ್ಣಿನ ಗತಿ? ಒಮ್ಮೆ ಶುಂಠಿ ಹಾಕಿದ ಜಾಗದಲ್ಲಿ ಮಾರನೇ ವರ್ಷ ಹಾಕಿದರೆ ಕೊಳೆ ರೋಗ, ಹಾಗಾಗಿ ಹೊಲ ಬದಲಾಯಿಸ್ತಾ ಹೋಗ್ತಾರೆ, ಹಿಂದೆ ಉಳಿಯೋದು ಗೊಬ್ಬರ, ಔಷಧಿ ತಿಂದ ನೆಲ.

ಇದಕ್ಕೆ ಒಂದು ಕಾರಣ ಕಾನೂನಿನಲ್ಲೂ ಇದೆ. ಕರ್ನಾಟಕದ ಭೂಸುಧಾರಣೆ ಕಾಯ್ದೆಗೆ 1974ರಲ್ಲಿ ಬಂದ ತಿದ್ದುಪಡಿ ಉಳುವವನಿಗೆ ಭೂಮಿ ಕೊಟ್ಟಿತು, ದೊಡ್ಡ ಕೆಲಸ. ಅದೇ ಕಾಯ್ದೆ ಸೈನಿಕರಂಥ ಕೆಲವರನ್ನು ಬಿಟ್ಟು ಬೇರೆಯವರು ಕೃಷಿ ಜಮೀನು ಗುತ್ತಿಗೆ ಕೊಡೋದನ್ನೂ ನಿಷೇಧಿಸಿತು. ಗುತ್ತಿಗೆ ನಿಲ್ಲಲಿಲ್ಲ, ಬಾಯಿಮಾತಿಗೆ ಇಳೀತು. ಹತ್ತು ವರ್ಷದ ಕಾಗದ ಕೈಯಲ್ಲಿದ್ದವನು ಮಣ್ಣು ನೋಡ್ಕೋತಾನೆ. ಒಂದೂವರೆ ವರ್ಷದ ಬಾಯಿಮಾತು ಇದ್ದವನು ಮಣ್ಣು ಹೀರ್ಕೊಂಡು ಹೋಗ್ತಾನೆ. ಇಲ್ಲಿ ಸಂತೆಯ ತಪ್ಪೆಷ್ಟು, ಕಾನೂನಿನ ತಪ್ಪೆಷ್ಟು? ಕೂತು ಬಿಡಿಸಬೇಕಾದ ಲೆಕ್ಕ. "ಸಾಹುಕಾರರ ಪುರಾಣ" ಅಂತ ಪುಸ್ತಕ ಮುಚ್ಚಿದವನು ಈ ಲೆಕ್ಕ ಬಿಡಿಸಲ್ಲ, "ಮಾರುಕಟ್ಟೆ ಎಲ್ಲ ನೋಡ್ಕೊಳ್ಳುತ್ತೆ" ಅನ್ನೋನೂ ಬಿಡಿಸಲ್ಲ.

ಆಮೇಲೆ ಏನು ಓದಬೇಕು

ಎರಡನೆಯದು ಮೀಸಸ್‌ನದೇ, ಆದರೆ ತೆಳ್ಳಗಿನದು: ‘ಎಕನಾಮಿಕ್ ಪಾಲಿಸಿ’. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಅವನು ಮಾಡಿದ ಆರು ಭಾಷಣ, 1979ರಲ್ಲಿ ಅವನು ತೀರಿಕೊಂಡ ಮೇಲೆ ಪುಸ್ತಕವಾಯ್ತು. ವಿದ್ಯಾರ್ಥಿಗಳ ಮುಂದೆ ಆಡಿದ ಮಾತಾದ್ದರಿಂದ ತತ್ವಶಾಸ್ತ್ರದ ಕಾಟ ಇಲ್ಲ. ಹಾಲಿನ ಬೆಲೆಗೆ ಸರ್ಕಾರ ಮಿತಿ ಹಾಕಿದರೆ ಒಂದಾದ ಮೇಲೊಂದು ಏನೇನಾಗುತ್ತೆ ಅನ್ನೋ ಭಾಗವಂತೂ ನಮ್ಮ ಡೈರಿಗಳ ಊರಲ್ಲಿ ಓದೋಕೆ ಹೇಳಿ ಮಾಡಿಸಿದ್ದು.

ಮೂರನೆಯದು, ನನಗೆ ತುಂಬ ಹೆಮ್ಮೆಯದು, ಬಿ. ಆರ್. ಶೆಣೈ ಅವರದು. 1905ರಲ್ಲಿ ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ಳಿಕೋತ್‌ನಲ್ಲಿ ಹುಟ್ಟಿದವರು. ಆ ಊರು ಈಗ ಕಾಸರಗೋಡು ಜಿಲ್ಲೆಗೆ ಸೇರಿದೆ. ಬನಾರಸ್‌ನಲ್ಲಿ ಓದಿ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಹೋಗಿ ಹಾಯೆಕ್ ಪ್ರಭಾವಕ್ಕೆ ಒಳಗಾದವರು. 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆ ಪರಿಶೀಲಿಸೋಕೆ ಕರೆದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಎಲ್ಲರೂ ಹೂಂ ಅಂದಾಗ ಇವರೊಬ್ಬರು ಭಿನ್ನಮತದ ಟಿಪ್ಪಣಿ ಬರೆದರು. ದೇಶದ ಉಳಿತಾಯಕ್ಕೆ ಮೀರಿದ ಯೋಜನೆ ಇದು, ನೋಟು ಅಚ್ಚು ಹಾಕಿ ತುಂಬಿಸ್ತೀವಿ ಅಂದರೆ ಬೆಲೆ ಏರುತ್ತೆ ಅಂತ. ಕೊನೆಗೆ ಬಂದ ಯೋಜನೆ 4,800 ಕೋಟಿ ರೂಪಾಯಿಯದು, ಅದರಲ್ಲಿ 1,200 ಕೋಟಿ ಕೊರತೆ ಹಣಕಾಸು. 1957ಕ್ಕೇ ವಿದೇಶಿ ವಿನಿಮಯದ ಬಿಕ್ಕಟ್ಟು ಬಂತು, ಯೋಜನೆಗೆ ಕತ್ತರಿ ಬಿತ್ತು. ಅವರ ಮಗಳು ಸುಧಾ ಶೆಣೈ (1943-2008) ಇದೇ ಪಂಥದ ವಿದ್ವಾಂಸೆಯಾದರು, ಹಣದುಬ್ಬರದ ಬಗ್ಗೆ ಹಾಯೆಕ್ ಬರೆದದ್ದನ್ನು ಆಯ್ದು ‘ಎ ಟೈಗರ್ ಬೈ ದ ಟೇಲ್’ (1972) ಅಂತ ಸಂಪಾದಿಸಿದರು.

ಶೆಣೈ ಟಿಪ್ಪಣಿ ಸಣ್ಣದು, ಘೋಷಣೆ ಇಲ್ಲ, ಲೆಕ್ಕ ಇದೆ. ಎದುರಿಗಿದ್ದ ಒಂದು ಯೋಜನೆಯನ್ನು ಇಟ್ಕೊಂಡು ಸಾಲು ಸಾಲಾಗಿ ಪ್ರಶ್ನೆ ಕೇಳೋದು ಹೇಗೆ ಅಂತ ಕಲಿಯೋಕೆ ಅದಕ್ಕಿಂತ ಒಳ್ಳೆ ಮಾದರಿ ಬೇಡ. ನಮ್ಮ ಕರಾವಳಿಯಲ್ಲಿ ಹುಟ್ಟಿದ ಇಂಥವರನ್ನು ಬಿಟ್ಟು ಹೊಸಬರನ್ನು ನೇರ ನ್ಯೂಯಾರ್ಕಿಗೆ ಕಳಿಸ್ತೀವಲ್ಲ, ಇದಕ್ಕೇನನ್ನಬೇಕು?

ಈ ಮೂರೂ ಸೇರಿದರೆ ಒಂದು ತೆಳ್ಳನೆ ಕಾದಂಬರಿಯಷ್ಟೂ ಆಗಲ್ಲ. ಇದಾದ ಮೇಲೆ ಹ್ಯಾಜ್ಲಿಟ್ ಓದಿ, ಆಗ ಅವನ ಜೊತೆ ಜಗಳ ಆಡೋಕೆ ನಿಮ್ಮ ಹತ್ತಿರ ಸರಕು ಇರುತ್ತೆ. ‘ಹ್ಯೂಮನ್ ಆಕ್ಷನ್’ ಅದಕ್ಕೂ ಆಮೇಲೆ, ಬೇಕು ಅನಿಸಿದರೆ.

ಕೊನೆಯದಾಗಿ ಬ್ಲಾಗಿಗ ಗೆಳೆಯರಲ್ಲಿ ಒಂದು ಕೋರಿಕೆ. ಇನ್ನೊಂದು ‘ಓದಲೇಬೇಕಾದ ಹತ್ತು ಪುಸ್ತಕ’ ಪಟ್ಟಿ ಹಾಕಬೇಡಿ, ದಮ್ಮಯ್ಯ. ಆ ಹನ್ನೆರಡು ಪುಟ ಓದಿ, ನಿಮ್ಮೂರಿನ ಒಂದು ಬೆಲೆಯ ಬಗ್ಗೆ ಕನ್ನಡದಲ್ಲಿ ಬರೆಯಿರಿ. ರಾಮನಗರದವರು ರೇಷ್ಮೆಗೂಡಿನ ಮಾರುಕಟ್ಟೆ ಬಗ್ಗೆ, ಕೋಲಾರದವರು ಟೊಮೆಟೊ ಬಗ್ಗೆ, ಶಿರಸಿಯವರು ಅಡಿಕೆ ಬಗ್ಗೆ. ಹಾಯೆಕ್ ಎಲ್ಲಿ ಸರಿ, ಎಲ್ಲಿ ಎಡವಿದ ಅಂತ ಇಬ್ಬರೂ ಸೇರಿ ಬಡಿದಾಡೋಣ. ಹ್ಯಾಜ್ಲಿಟ್ ಅಭಿಮಾನಿಗಳಿಗೂ ಸ್ವಾಗತ, ಕಾಮೆಂಟು ಪೆಟ್ಟಿಗೆ ತೆರೆದೇ ಇದೆ. ಒಂದೇ ಷರತ್ತು: ಬರುವಾಗ ಅಮೆರಿಕದ ಉದಾಹರಣೆ ಮನೆಯಲ್ಲೇ ಬಿಟ್ಟು ಬನ್ನಿ.